ಹಲ್ವದ ಡಬ್ಬಿಯಲ್ಲಿ ಬಾಣಗಳು

ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆ ಇಡಲು ಹನ್ನೆರಡು ಗುಳಿಗಳಿವೆ. ಎಲ್ಲದರಲ್ಲೂ ಕಲ್ಲುಗಳಿದ್ದವು. ಮೊಟ್ಟೆಗಳು ಮಾತ್ರ ಅಡುಗೆಮನೆಯ ಕಿಟಕಿಯಲ್ಲಿ, ಒಮಾನಿನ ಬಿಸಿಲಿಗೆ ತಾವೇ ಬೇಯುತ್ತ ಕೂತಿರುತ್ತಿದ್ದವು.

ನಾವಿರುವ ಇಬ್ರಾ ಪಟ್ಟಣದಲ್ಲಿ ತಲೆ ತಗ್ಗಿಸಿ ನಡೆಯುವ ಒಬ್ಬನೇ ವ್ಯಾಪಾರಿ ನನ್ನ ಮಾಮ. ವಿನಯವೆಂದು ತಿಳಿಯಬೇಡಿ! ಸಾವಿರಾರು ವರ್ಷಗಳ ಹಿಂದೆ ಯಾರೋ ಬೇಟೆಗಾರ ಗುರಿ ತಪ್ಪಿ ಕಳೆದುಕೊಂಡ ಕಲ್ಲಿನ ಬಾಣದ ಮೊನೆಯನ್ನು ಅವರು ಹುಡುಕುತ್ತಿರುತ್ತಾರೆ. ಇರುವುದು ಟೈರಿನ ಅಂಗಡಿ. ಗಿರಾಕಿಗಳ ಟೈರಿಗೆ ಸಿಕ್ಕಿಕೊಂಡ ಕಲ್ಲನ್ನೂ ಭೂತಗನ್ನಡಿಯಲ್ಲಿ ನೋಡಿಯೇ ಬಿಸಾಡುವುದು. ಪಂಕ್ಚರ್ ಆದವನು ಬಿಸಿಲಲ್ಲಿ ಕಾಯಬೇಕು!

ಇಲ್ಲಿನ ಶಾಲೆಯಲ್ಲಿ ಕೆಲಸ ಸಿಕ್ಕಿ ನಾನು ಬಂದ ದಿನ, ವಿಮಾನ ನಿಲ್ದಾಣದಿಂದ ಬರುವಾಗ ಅವರು ದಾರಿಯಲ್ಲಿ ಬ್ರೇಕ್ ಹಾಕಿದರು. ಅಪಘಾತವೆಂದುಕೊಂಡೆ. ಮಾಮ ಇಳಿದು, ಒಂದು ಮುಳ್ಳುಮರದ ಸುತ್ತ ತಿರುಗಾಡಿ, ಉಗುರಿನಷ್ಟು ಚಿಕ್ಕ ಕೆಂಪು ಮೊನೆಯೊಂದನ್ನು ತಂದು ನನ್ನ ಕೈಗಿಟ್ಟರು. "ನೀನು ಬಂದ ದಿನ ಸಿಕ್ಕಿದ್ದು. ನಿನಗೇ." ಅಷ್ಟೇ ಸ್ವಾಗತ. ನಾನೂ ಮಾತಿನವಳಲ್ಲ, ಕಿವಿಯೋಲೆಯ ಡಬ್ಬಿಯಲ್ಲಿಟ್ಟೆ.

ಇಂಥವನ್ನು ಹೆಕ್ಕಬಾರದೆಂಬ ಕಾನೂನಿದೆ ಎಂದು ಆಮೇಲೆ ಎಷ್ಟೋ ಸಲ ಹೇಳಿದೆ.

"ನಾನೆಂಥ ಕದ್ದದ್ದಾ ಮೋಳೇ? ಬಿದ್ದದ್ದನ್ನು ಎತ್ತಿಟ್ಟದ್ದು!" ಎನ್ನುತ್ತಿದ್ದರು ಮಾಮ, ಮಗಳೆಂದು ಕರೆಯುತ್ತ.

"ಎತ್ತಿಡ್ಲಿಕ್ಕೆ ನನ್ನ ಫ್ರಿಜ್ಜೇ ಆಗ್ಬೇಕಾ ಮಾರಾಯ್ರೇ?" ಎಂದು ಮಾಮಿ ಒಳಗಿನಿಂದ ಕೂಗುತ್ತಿದ್ದರು.

ಫ್ರಿಜ್ಜು ತುಂಬಿದ ಮೇಲೆ ಮಾಮ ಅತ್ಯುತ್ತಮ ಮೊನೆಗಳನ್ನು ಹತ್ತಿಯಲ್ಲಿ ಸುತ್ತಿ ಹಲ್ವದ ಖಾಲಿ ಡಬ್ಬಿಯೊಂದರಲ್ಲಿಟ್ಟು, ಮುಚ್ಚಳಕ್ಕೆ ಟೇಪು ಸುತ್ತಿದರು. ಊರಿಗೆ ಹೊರಟವರ ಕೈಯಲ್ಲಿ ಹಲ್ವ ಕಳಿಸದೆ ಇಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಪಕ್ಕದ ಮನೆಯ ದರ್ಜಿ ಮಂಗಳೂರಿಗೆ ಹೊರಟಾಗ ಮಾಮಿಯೂ ಅಂಥದೇ ಒಂದು ಡಬ್ಬಿ ಕೊಟ್ಟರು.

ದರ್ಜಿ ಹೊರಟು ಸ್ವಲ್ಪ ಹೊತ್ತಿಗೆ ಮಾಮ ಹೊಸ ಮೊನೆಯೊಂದನ್ನು ಸೇರಿಸಲು ತಮ್ಮ ಡಬ್ಬಿ ತೆರೆದರು. ಒಳಗೆ ತುಪ್ಪದಲ್ಲಿ ಮಿನುಗುವ, ಗೋಡಂಬಿ ಹಾಕಿದ, ಘಮಘಮಿಸುವ ಹಲ್ವ!

"ಹಾಗಾದ್ರೆ ನೀನು ಕಳಿಸಿದ್ದು ಎಂಥದು?"

ಮಾಮಿ ಕುರ್ಚಿ ಹುಡುಕಿದರು.

ದರ್ಜಿ ಫೋನು ಎತ್ತಲಿಲ್ಲ. ಮಾಮ ಮತ್ತು ನಾನು ಮಸ್ಕತ್ತಿನ ದಾರಿಗೆ ಬಿದ್ದೆವು. ತಪಾಸಣೆಯಲ್ಲಿ ಡಬ್ಬಿ ಸಿಕ್ಕಿದರೆ ಹಿಡಿಯುವುದು ಆ ಬಡಪಾಯಿಯನ್ನು. ಆ ದಾರಿಯಲ್ಲಿ ಮಾಮ ಒಮ್ಮೆಯೂ ನೆಲ ನೋಡಲಿಲ್ಲ.

ದರ್ಜಿ ಇನ್ನೂ ವಿಮಾನ ನಿಲ್ದಾಣದ ಸರತಿಯಲ್ಲೇ ನಿಂತಿದ್ದರು. ಮಾಮ ಏದುಸಿರು ಬಿಡುತ್ತ ಡಬ್ಬಿ ಬದಲಿಸಿದರು.

"ನಾನೂ ಎಣಿಸಿದ್ದು," ಎಂದರು ದರ್ಜಿ, "ಇಷ್ಟು ಭಾರ ಉಂಟಲ್ಲ, ಈ ಸಲ ತುಪ್ಪ ಜೋರು ಹಾಕಿದ್ದಾರೆ ಅಂತ!"

ನಾನು ನಕ್ಕೆ. ಮಾಮ ನಗಲಿಲ್ಲ. ಕಾರಿನಲ್ಲಿ ಕೂತ ಮೇಲೆ ಹೇಳಿದರು: "ಅವನಿಗೆ ಮೂರು ಮಕ್ಕಳು."

ಕೆಲವು ದಿನಗಳಲ್ಲೇ ಡಬ್ಬಿಯನ್ನೂ ಫ್ರಿಜ್ಜಿನ ಕಲ್ಲುಗಳನ್ನೂ ಪುರಾತತ್ವದ ಕಚೇರಿಗೆ ಒಪ್ಪಿಸಿದರು. ಜೊತೆಗೆ ನಾನಿದ್ದೆ. ಅಧಿಕಾರಿ ಗದರಿಸಲಿಲ್ಲ. ಒಂದೊಂದೇ ಮೊನೆ ಎತ್ತಿ ಎಲ್ಲಿ ಸಿಕ್ಕಿತೆಂದು ಕೇಳಿದರು. ಸ್ವಂತ ಅಂಗಡಿಯ ಬೀಗದ ಕೈ ಎಲ್ಲಿಟ್ಟಿದ್ದೇನೆಂದು ನೆನಪಿಲ್ಲದ ಮಾಮ, ಪ್ರತಿಯೊಂದರ ಮರ, ದಿಬ್ಬ, ತಿರುವು ಹೇಳಿದರು.

"ಇನ್ನು ಏನಾದರೂ ಉಳಿದಿದೆಯೇ?"

"ಖಲಾಸ್," ಎಂದರು ಮಾಮ. ನನ್ನ ಕಡೆ ನೋಡಲಿಲ್ಲ.

ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಕಿವಿ ಹೇಗೆ ಕೆಂಪಾಗುತ್ತದೆಂದು ಅಂದು ಕಂಡೆ.

ಆ ರಾತ್ರಿ ಮಾಮಿ ಮೊಟ್ಟೆಗಳನ್ನು ಗುಳಿಗಳಲ್ಲಿ ಜೋಡಿಸಿದರು. ಗೆದ್ದವರ ಮುಖ ಇರಲಿಲ್ಲ. "ಫ್ರಿಜ್ಜು ಬೋಳು ಕಾಣ್ತದೆ," ಎಂದರು. ಮಾಮ ಬೇಗ ಮಲಗಿದರು.

ಮರುದಿನ ಬೆಳಿಗ್ಗೆ ನಾನು ಕಿವಿಯೋಲೆಯ ಡಬ್ಬಿ ತೆರೆದು, ಕೆಂಪು ಮೊನೆಯನ್ನು ಅಂಗೈಯಲ್ಲಿಟ್ಟುಕೊಂಡು, ಮಾಮನ ಬಾಗಿಲು ತಟ್ಟಿದೆ.

"ಅದು ನಿನ್ನದು," ಎಂದರು.

"ಗೊತ್ತು. ಆ ಮರ ತೋರಿಸಿ. ಯಲ್ಲಾ, ಹೋಗೋಣ."

ಮರ ಸಿಕ್ಕಿತು. ಮಾಮ ಕೋಲಿನಿಂದ ಒಂದು ಜಾಗ ಮುಟ್ಟಿದರು. ನಾನು ಮಂಡಿಯೂರಿದೆ.

"ತುದಿ ಯಾವ ಕಡೆಗಿತ್ತು ಮಾಮ?"

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ನಮ್ಮ ಮನೆ ಕಡೆ."

ನಾನು ಹಾಗೆಯೇ ಇಟ್ಟೆ.