ಜಾಮೀನುದಾರನ ಮನೆಗೆ ಉಚಿತ ಪ್ರಯಾಣ

ಇದನ್ನು ಬರೆಯಲು ಕುಳಿತದ್ದು ಇದು ಎಷ್ಟನೆಯ ಸಲವೋ. ಒಮ್ಮೆ ಪೆನ್ನು ಸರಿಯಿರಲಿಲ್ಲ, ಒಮ್ಮೆ ವಿಪರೀತ ಸೆಖೆ, ಇನ್ನೊಮ್ಮೆ ಮಟ್ಟುಗುಳ್ಳ ಬದನೆಯ ಸಾಂಬಾರು ಉಂಡು ನಿದ್ದೆ ಬಂತು. ತಪ್ಪು ಒಪ್ಪಿಕೊಳ್ಳಲು ಹೊರಟವನಿಗೆ ಎಷ್ಟೊಂದು ಅಡ್ಡಿಗಳು! ಮಾಡುವಾಗ ಒಂದೂ ಇರಲಿಲ್ಲ.

ಕಾಪುವಿನಲ್ಲಿ ನನ್ನದು ಶಾಮಿಯಾನ ಮತ್ತು ಕುರ್ಚಿ ಬಾಡಿಗೆಯ ವ್ಯಾಪಾರ. ಊರವರೆಲ್ಲ ಅಂಗಳದ ಮದುವೆ ಬಿಟ್ಟು ಎ.ಸಿ. ಹಾಲ್‌ಗಳಿಗೆ ಹೋಗತೊಡಗಿದ ಕಾಲದಲ್ಲಿ, ಹೈಸ್ಕೂಲು ದಾಟದ ನನ್ನ ಬುದ್ಧಿಗೆ ಇನ್ನೂ ಐನೂರು ಕುರ್ಚಿ ಬೇಕೆಂದು ಹೊಳೆಯಿತು. ಸಾಲಕ್ಕೆ ಸಂಬಳದವರೊಬ್ಬರ ಸಹಿ ಬೇಕಿತ್ತು. ಬೆಳ್ಮಣ್ಣಿನಲ್ಲಿ ನನ್ನ ಸಹಪಾಠಿಯೊಬ್ಬ ಮಾಸ್ಟ್ರಾಗಿದ್ದ. ಸಾಲದ ಕಾಗದದಲ್ಲಿರುವಂತೆ ಅವನನ್ನು ಜಾಮೀನುದಾರ ಎನ್ನುತ್ತೇನೆ. ಹೆಸರು ಬರೆಯಲು ಕೈ ಏಳುವುದಿಲ್ಲ. ಬೇಕೆಂದೇ ಅವನ ಮಗಳ ನಿಶ್ಚಿತಾರ್ಥದ ದಿನ, ಬೀಗರ ಎದುರಿಗೇ ಫಾರ್ಮು ಹಿಡಿದೆ. “ಶಾಮಿಯಾನದ ಬಾಡಿಗೆ ಬೇಡ ಮಾರಾಯ, ಇಲ್ಲೊಂದು ಸಹಿ ಹಾಕು.” ಹೊಸ ಬೀಗರ ಮುಂದೆ ಯಾರು ಇಲ್ಲ ಎನ್ನುತ್ತಾರೆ? ಪಾಯಸದ ಕೈ ತೊಳೆದು ಬಂದು ಹಾಕಿದ. ಆ ಸಂತೋಷಕ್ಕೆ ನಾಲ್ಕು ಕುರ್ಚಿಗಳನ್ನು ಅಲ್ಲೇ ಬಿಟ್ಟು ಬಂದೆ. ನನ್ನ ಉದಾರತೆ ಅಂಥದ್ದು.

ವ್ಯಾಪಾರ ಮುಳುಗಿತು. ಕೋರ್ಟು ನನ್ನನ್ನು ದಿವಾಳಿ ಎಂದು ಘೋಷಿಸಿತು. ಆ ಆದೇಶಕ್ಕೆ ಮಣಿಪಾಲದಲ್ಲಿ ಲ್ಯಾಮಿನೇಶನ್ ಮಾಡಿಸಿದೆ. ನನ್ನ ಅಂಕಪಟ್ಟಿಗೂ ಆ ಗೌರವ ಸಿಕ್ಕಿರಲಿಲ್ಲ. ಒಂದು ಬೆಳಿಗ್ಗೆ ಸಾಲ ವಸೂಲಿಯ ಇಬ್ಬರು ಕಾರಿನಲ್ಲಿ ಬಂದಾಗ ಅದನ್ನೇ ಎದೆಗೆ ಹಿಡಿದು ನಿಂತೆ. ಅವರು ಬಹಳ ಮರ್ಯಾದೆಯವರು.

“ನಿಮ್ಮದು ಮುಗಿಯಿತು ಅಂಕಲ್. ಜಾಮೀನುದಾರರ ಮನೆ ಎಲ್ಲಿ ಉಂಟು? ಮ್ಯಾಪು ಗದ್ದೆ ತೋರಿಸ್ತದೆ.”

ದಾರಿ ಹೇಳಿ ಸುಮ್ಮನಾಗಬಹುದಿತ್ತು. ಹೇಳದೆಯೂ ಇರಬಹುದಿತ್ತು. ಆದರೆ ಅಂದು ಮೊಣಕಾಲಿನ ಎಣ್ಣೆ ತರಲು ನನಗೆ ಕಾರ್ಕಳಕ್ಕೆ ಹೋಗಬೇಕಿತ್ತು, ಬೆಳ್ಮಣ್ ದಾರಿಯಲ್ಲೇ ಸಿಗುತ್ತದೆ, ಬಸ್ಸಿನ ಟಿಕೆಟ್ ಉಳಿಯುತ್ತದೆ. “ನಾನೇ ತೋರಿಸ್ತೇನೆ, ಬನ್ನಿ” ಎಂದು ಮುಂದಿನ ಸೀಟಿನಲ್ಲಿ ಕುಳಿತೆ. ಶಿರ್ವ ದಾಟುವವರೆಗೆ ಎ.ಸಿ.ಯ ತಂಪನ್ನು ಹೊಗಳಿದೆ.

ಅಂಗಳದಲ್ಲಿ ಕಾರು ನಿಂತಾಗ ಜಾಮೀನುದಾರ ಹೊರಗೆ ಬಂದ. ವಸೂಲಿಯವರನ್ನು ಕಂಡು ಬಾಡಿದ ಮುಖ, ನನ್ನನ್ನು ಕಂಡು ಅರಳಿತು.

“ನೀನೂ ಬಂದಿಯಾ! ಒಳ್ಳೆದಾಯ್ತು ಮಾರಾಯ. ಒಬ್ಬನೇ ಇವರ ಹತ್ತಿರ ಎಂತ ಮಾತಾಡುವುದು ಅಂತ ಹೆದರಿದ್ದೆ.”

ನಮಗೆ ಕುರ್ಚಿ ಹಾಕಿದ. ಬೆನ್ನಿನಲ್ಲಿ ನನ್ನ ಅಂಗಡಿಯ ಹೆಸರಿದ್ದ ಅದೇ ಕುರ್ಚಿಗಳು. ಅವನ ಹೆಂಡತಿ ಬೆಲ್ಲ, ನೀರು ತಂದರು. ಪೊರೆ ಬಂದ ಕಣ್ಣುಗಳನ್ನು ಕಿರಿದು ಮಾಡಿ ನನ್ನನ್ನು ಗುರುತಿಸಿ ಗಂಡನನ್ನು ಕೇಳಿದರು: “ಇವರು ಎಂತ, ಕುರ್ಚಿ ವಾಪಸ್ ಕೊಂಡು ಹೋಗ್ಲಿಕ್ಕೆ ಬಂದದ್ದಾ?”

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಪೆನ್ಶನ್ನಿನಿಂದ ತಿಂಗಳು ತಿಂಗಳು ಕಟ್ಟಬೇಕು ಎಂದರು ವಸೂಲಿಯವರು. ಅವನು ಮೆಲ್ಲಗೆ ಕೇಳಿದ: “ಮುಂದಿನ ತಿಂಗಳು ಇವಳ ಕಣ್ಣಿನ ಆಪರೇಷನ್ ಉಂಟು. ಅದಾದ ಮೇಲೆ ಶುರು ಮಾಡಿದರೆ ಆಗದಾ?” ನನ್ನ ಕಡೆ ತಿರುಗಿದ. “ನೀನಾದರೂ ಒಂದು ಮಾತು ಹೇಳು.”

ಹೇಳಲು ಒಂದೇ ಮಾತಿತ್ತು, ಸಾಲ ನನ್ನದು ಎಂದು. ಅದರ ಬದಲು ನನ್ನ ಕೈ ತೊಡೆಯ ಮೇಲಿದ್ದ ಚೀಲದೊಳಗೆ ಹೋಗಿ ಲ್ಯಾಮಿನೇಶನ್ ಮಾಡಿದ ಆದೇಶವನ್ನು ತೆಗೆದು ಅವನಿಗೆ ಕೊಟ್ಟಿತು. ಅವನು ಕನ್ನಡಕ ಹಾಕಿ, ಮಕ್ಕಳ ಉತ್ತರಪತ್ರಿಕೆಯಂತೆ ಕೊನೆಯ ಸಾಲಿನವರೆಗೂ ಓದಿದ. ಹೆಗಲ ಮೇಲಿನ ಬೈರಾಸಿನಿಂದ ಒರೆಸಿ ಹಿಂದಕ್ಕೆ ಕೊಟ್ಟ. “ಒಳ್ಳೆದು ಮಾಡಿದೆ. ಇಲ್ಲದಿದ್ದರೆ ನಿನಗೂ ಉಪದ್ರ ಕೊಡ್ತಿದ್ದರು.” ವ್ಯಂಗ್ಯವೇನೋ ಎಂದು ಅವನ ಮುಖ ನೋಡಿದೆ. ವ್ಯಂಗ್ಯವಾಗಿದ್ದರೆ ಎಷ್ಟು ಸುಖವಿತ್ತು! ಆಮೇಲೆ ವಸೂಲಿಯವರ ಕಂತಿನ ಕಾಗದಕ್ಕೆ ಸಹಿ ಹಾಕಿದ. ಆ ವರ್ಷ ಆಪರೇಷನ್ ಆಗಲಿಲ್ಲ. ನನಗೆ ಎಣ್ಣೆ ಸಿಕ್ಕಿತು.

ಈಗ ಸಾಲ ತೀರಿದೆಯಂತೆ. ತೀರಿಸಿದವನು ಅದನ್ನು ನನಗೇ ಫೋನ್ ಮಾಡಿ ತಿಳಿಸಿದ, ನಾನು ಸುಮ್ಮನೆ ಚಿಂತೆ ಮಾಡಬಾರದೆಂದು. “ಒಮ್ಮೆ ಬಾ” ಎಂದೂ ಹೇಳಿದ. ಬೆಳ್ಮಣ್ಣಿಗೆ ಬೇಕಾದಷ್ಟು ಬಸ್ಸುಗಳುಂಟು. ಆದರೆ ವಸೂಲಿಯವರ ಕಾರು ಹತ್ತುವಾಗ ನೆಟ್ಟಗಿದ್ದ ನನ್ನ ಮೊಣಕಾಲು, ಆ ಬಸ್ಸಿನ ಮೆಟ್ಟಿಲು ಕಂಡರೆ ಮಾತ್ರ ನೋಯುತ್ತದೆ. ಹಾಗಾಗಿ ಹೋಗಿಲ್ಲ. ಇಷ್ಟು ಬರೆದೂ ಜಾಮೀನುದಾರ, ಜಾಮೀನುದಾರ ಎನ್ನುತ್ತಲೇ ಜಾರಿಕೊಂಡೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತವನಿಗೆ ಹೆಸರೊಂದು ಇತ್ತು: ಸಂಜೀವ.