ನೀರಿನೊಳಗೆ ಎಂತ ಕಂಡಿತು?

ಕ್ಯಾಮೆರಾ ಹಿಡಿದು ನೆಲದ ಮೇಲೆ ನಡೆಯುವವನನ್ನು ಜನ ಮದುವೆಗೆ ಕರೆಯುತ್ತಾರೆ, ಊಟ ಹಾಕುತ್ತಾರೆ. ಅದೇ ಕ್ಯಾಮೆರಾ ಹಿಡಿದು ನೀರಿಗಿಳಿದವನಿಗೆ ಮಾತ್ರ ಒಂದಲ್ಲ ಒಂದು ಫಜೀತಿ ತಪ್ಪಿದ್ದಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಂಗಳೂರಿನಲ್ಲಿ ಈ ಕೆಲಸ ಮಾಡಿದವನು ನಾನೊಬ್ಬನೇ ಇರಬೇಕು. ಬೇರೆಯವರಿಗೆ ಬುದ್ಧಿ ಇತ್ತು.

ಆಗ ನಾನು ಬೈಕಂಪಾಡಿಯ ಒಬ್ಬ ಕಂಟ್ರಾಕ್ಟರರ ಬಳಿ ಮುಳುಗುವ ಕೆಲಸದಲ್ಲಿದ್ದೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಿಗೆ ಕೊಳವೆ, ಕಣ್ಣಿಗೆ ಗಾಜಿನ ಮುಸುಕು ಕಟ್ಟಿಕೊಂಡು ಇಳಿದು ಸರಕು ಸಾಗಿಸುವ ಬಾರ್ಜುಗಳ ತಳ ಉಜ್ಜುವುದು, ಅವನ್ನು ಕಟ್ಟಿ ನಿಲ್ಲಿಸುವ ಜಟ್ಟಿಯ ಕಂಬ ತಡವಿ ನೋಡುವುದು, ಇಂಥದ್ದು. ನನ್ನ ಮನೆಯಿದ್ದ ಪಡೀಲಿನ ನೆರೆಕರೆಯವರಿಗೆ ಇದನ್ನು ವಿವರಿಸಿ ಸೋತು, ಕೊನೆಗೆ "ಫ್ಯಾಕ್ಟರಿ ಕೆಲಸ" ಎಂದು ಹೇಳಿ ಮುಗಿಸಿದ್ದೆ.

೧. ಹಾಲು ಹಾಕಿದ್ದು, ಹಾಕದ್ದು

ಕ್ಯಾಮೆರಾ ಕೊಟ್ಟದ್ದು ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ. ಗಲ್ಫಿನಿಂದ ರಜೆಗೆ ಬರುವಾಗ ಮಾವನಿಗೆ ಟಾರ್ಚು, ಅತ್ತೆಗೆ ಕಂಬಳಿ, ನನಗೆ ಅಂಗೈಯಗಲದ ಒಂದು ಹಳದಿ ಕ್ಯಾಮೆರಾ ತಂದಿದ್ದ. ಮಂಗಳೂರಿನ ಸೆಕೆಯಲ್ಲಿ ಕಂಬಳಿ ಯಾಕೆಂದು ಯಾರೂ ಕೇಳಲಿಲ್ಲ. ಗಲ್ಫಿನಿಂದ ಬಂದವನು ಕಂಬಳಿ ತರಲೇಬೇಕು. ಕ್ಯಾಮೆರಾದೊಳಗೆ ಒಂದು ಹನಿ ನೀರೂ ಹೋಗುವುದಿಲ್ಲ ಎಂದು ತೋರಿಸಲು ಅವನು ಅದನ್ನು ಮನೆಮಂದಿಯ ಎದುರಿಗೇ ಬಕೆಟ್ಟಿನಲ್ಲಿ ಮುಳುಗಿಸಿದ. ಅತ್ತೆ ನೋಡಿ, "ಹೊಸತಲ್ಲವಾ, ಈಗಲೇ ಯಾಕೆ ತೊಳೀತೀ?" ಎಂದರು.

ಭಾವ ಒಂದು ಶರತ್ತು ಹಾಕಿದ. "ನಾನು ಇನ್ನು ಬರುದು ಎರಡು ವರ್ಷ ಬಿಟ್ಟು. ಅಷ್ಟರೊಳಗೆ ನೀರಿನೊಳಗೆ ತೆಗೆದದ್ದು ಒಂದಾದರೂ ಸರಿಯಾದ ಫೋಟೋ ತೋರಿಸಬೇಕು. ಇಲ್ಲದಿದ್ರೆ ಕ್ಯಾಮೆರಾ ವಾಪಸು ಕೊಂಡುಹೋಗ್ತೇನೆ. ಅಲ್ಲಿ ನನ್ನ ರೂಮಿನವ ಅದರ ಮೇಲೆ ಕಣ್ಣು ಹಾಕಿ ಆಗಿದೆ." ನಾನೋ, ಆ ಹಳದಿ ಪೆಟ್ಟಿಗೆಯನ್ನು ಮೊದಲ ದಿನವೇ ಹಚ್ಚಿಕೊಂಡುಬಿಟ್ಟಿದ್ದೆ. ಅದನ್ನು ಬಿಟ್ಟುಕೊಡುವ ಯೋಚನೆ ಬಂದರೆ ಊಟ ಸೇರುತ್ತಿರಲಿಲ್ಲ. ಒಂದೇ ಒಂದು ಫೋಟೋ ತಾನೇ, ಅದೇನು ದೊಡ್ಡ ವಿಷಯ ಎಂದುಕೊಂಡೆ.

ಭಾವ ನೋಡಿದ್ದು ಗಲ್ಫಿನ ನೀರು. ಅಲ್ಲಿ ಹತ್ತಾಳು ಆಳದಲ್ಲಿ ಬಿದ್ದ ಗುಂಡುಸೂಜಿಯೂ ಕಾಣುತ್ತದಂತೆ. ನಮ್ಮಲ್ಲಿ ಎರಡು ನದಿಗಳು ಸೇರಿ ಘಟ್ಟದ ಮಣ್ಣನ್ನೆಲ್ಲ ತಂದು ಕಡಲಿಗೆ ಕಲಸುತ್ತವೆ. ಕೈ ಚಾಚಿದರೆ ಮೊಣಕೈ ಕಾಣುತ್ತದೆ, ಬೆರಳು ಅಂದಾಜಿಗೆ. ಆದರೂ ಮೊದಲ ರೋಲು ಪೂರ್ತಿ ಹೊಡೆದು ಹಂಪನಕಟ್ಟೆಯ ಸ್ಟುಡಿಯೋದವನಿಗೆ ಕೊಟ್ಟೆ. ಕಲರ್ ರೋಲು ತೊಳೆಯಲು ಹೊರ ಊರಿಗೆ ಹೋಗಬೇಕಿತ್ತು. ಹದಿನೈದು ದಿನ ಕಾದು ಹೋದಾಗ ಅವನು ಮೂವತ್ತಾರು ಫೋಟೋಗಳನ್ನೂ ಮೇಜಿನ ಮೇಲೆ ಹರಡಿ ಕುಳಿತಿದ್ದ. ಎಲ್ಲವೂ ಒಂದೇ ಕಂದು ಬಣ್ಣ.

"ಇದು ಎಂತದು ಮಾರಾಯ?" ಎಂದು ಕೇಳಿದ.

"ಸಮುದ್ರ" ಎಂದೆ.

ಅವನು ಒಂದೊಂದನ್ನೇ ಎತ್ತಿ ನೋಡಿ ಎರಡು ಕಟ್ಟು ಮಾಡಿದ. "ನಾನು ಚಾ ಅಂತ ತಿಳಿದೆ. ಬೇಕಾದ್ರೆ ನೋಡು, ಈ ಮೂವತ್ತು ಹಾಲು ಹಾಕಿದ್ದು. ಈ ಆರು ಹಾಕದ್ದು."

೨. ಏಳನೇ ಕಂಬ

ಸ್ಟುಡಿಯೋದಲ್ಲಿ ನಗೆಪಾಟಲಾದ ಅಂಥ ಫೋಟೋಗಳಿಗೆ ಕೆಲಸದ ಕಡೆ ಇಷ್ಟು ಬೆಲೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಹೊಳೆಬದಿಯಲ್ಲಿ ಒಂದು ಖಾಸಗಿ ಕಂಪೆನಿಗೆ ಪುಟ್ಟ ಜಟ್ಟಿ ಇತ್ತು. ಅದರ ಹನ್ನೆರಡು ಕಂಬಗಳಲ್ಲಿ ನೀರಿನಡಿ ಬಿರುಕು ಉಂಟೋ ಎಂದು ನೋಡಿ ವರದಿ ಕೊಡುವ ಕೆಲಸ ನಮ್ಮ ಕಂಟ್ರಾಕ್ಟರರಿಗೆ ಸಿಕ್ಕಿತು. ವರದಿಗೆ ಫೋಟೋ ಲಗತ್ತಿಸಿದರೆ ತೂಕ ಬರುತ್ತದೆ ಎಂದು ಅವರಿಗೆ ಹೊಳೆದದ್ದೇ ನನ್ನ ಕ್ಯಾಮೆರಾ ನೋಡಿ.

ಹನ್ನೆರಡು ಕಂಬಕ್ಕೂ ಇಳಿದೆ, ಹನ್ನೆರಡು ಫೋಟೋ ತೆಗೆದೆ. ಹನ್ನೆರಡೂ ಚಾ. ನಾನು ನಾಚಿಕೊಂಡು ತೋರಿಸಿದರೆ ಕಂಟ್ರಾಕ್ಟರರ ಮುಖ ಅರಳಿತು. ಪ್ರತಿಯೊಂದರ ಅಡಿಯಲ್ಲಿ ಸುಂದರವಾದ ಅಕ್ಷರದಲ್ಲಿ, "ಕಂಬದಲ್ಲಿ ಯಾವ ಬಿರುಕೂ ಕಂಡುಬಂದಿರುವುದಿಲ್ಲ" ಎಂದು ಬರೆದರು.

"ಹಾಗೆ ಬರೀಬಹುದಾ?" ಎಂದು ಕೇಳಿದೆ.

"ನಿನಗೆ ಬಿರುಕು ಕಂಡಿತಾ?"

"ನನಗೆ ಕಂಬವೇ ಕಾಣಲಿಲ್ಲ."

"ಹಾಗಾದ್ರೆ ಬಿರುಕು ಕಾಣಲಿಲ್ಲ ಅನ್ನುದು ಸತ್ಯ ತಾನೆ? ಮತ್ತೆಂತ? ನಾನು ಸುಳ್ಳು ಬರೆಯುವ ಮನುಷ್ಯ ಅಲ್ಲ."

ವರದಿ ಹೋಯಿತು. ನನಗೆ ಒಳಗೊಳಗೇ ಭಯ. ಕಂಪೆನಿಯ ಎಂಜಿನಿಯರರು ಓದಿದವರು, ದಪ್ಪ ಕನ್ನಡಕದವರು, ಒಂದೇ ನೋಟಕ್ಕೆ ಹಿಡಿದುಬಿಡುತ್ತಾರೆ ಎಂದುಕೊಂಡಿದ್ದೆ. ವಾರ ಕಳೆದು ಕಡತ ವಾಪಸು ಬಂತು. ಅವರು ಹಿಡಿದೇ ಬಿಟ್ಟಿದ್ದರು. ಕೆಂಪು ಶಾಯಿಯಲ್ಲಿ, "ಏಳನೇ ಕಂಬದ ಫೋಟೋ ತಲೆಕೆಳಗಾಗಿ ಅಂಟಿಸಲಾಗಿದೆ. ಸರಿಪಡಿಸಿ ಕಳುಹಿಸುವುದು" ಎಂದು ಬರೆದಿತ್ತು.

ತಿರುಗಿಸಿ ಅಂಟಿಸಿ ಕಳುಹಿಸಿದೆವು. ಮರುದಿನವೇ ಮಂಜೂರಾಯಿತು.

೩. ಕೆಂಪು ಬಾರ್ಜು

ಮಳೆಗಾಲ ಕಳೆದು ನೀರು ಸ್ವಲ್ಪ ತಿಳಿಯಾದ ಮೇಲೆ ಒಬ್ಬ ಬಾರ್ಜು ಯಜಮಾನರು ಬಂದರು. ಬಾರ್ಜಿನ ತಳಕ್ಕೆ ಹೊಸದಾಗಿ ಕೆಂಪು ಬಣ್ಣ ಬಳಿಸಿದ್ದಾರೆ, ಅದರ ಫೋಟೋ ಬೇಕಂತೆ. ಈ ಸಲ ಚಾ ಬರಲಿಲ್ಲ. ತಳದ ಒಂದು ಮೂಲೆ ಮಸುಕಾಗಿ ಆದರೂ ಬಂತು. ನನಗೆ ಕುಣಿಯುವಷ್ಟು ಖುಷಿ. ಭಾವನಿಗೆ ಇದನ್ನೇ ತೋರಿಸಿದರಾಯಿತು ಎಂದು ಲೆಕ್ಕ ಹಾಕಿದ್ದೆ.

ಯಜಮಾನರು ನೋಡಿದವರೇ, "ಇದು ಯಾರ ಬಾರ್ಜು?" ಎಂದರು. ಫೋಟೋದಲ್ಲಿ ತಳ ಪಾಚಿಯ ಹಸಿರಾಗಿತ್ತು.

ನೀರಿನಡಿ ಕೆಂಪು ಬಣ್ಣ ನಿಲ್ಲುವುದಿಲ್ಲ, ಕೆಳಗೆ ಹೋದಷ್ಟೂ ನೀರು ಅದನ್ನು ತಿಂದುಬಿಡುತ್ತದೆ, ಕಣ್ಣಿಗೂ ಹಾಗೇ ಕಾಣುವುದು ಎಂದು ನಾನು ತಾಳ್ಮೆಯಿಂದ ವಿವರಿಸಿದೆ. ಅವರು ತಲೆಯಾಡಿಸಿ ಕೇಳಿ, ಅಲ್ಲಿಂದ ಸೀದಾ ಬಣ್ಣದ ಅಂಗಡಿಗೆ ಹೋಗಿ, ಇವರು ಕೊಟ್ಟ ಬಣ್ಣವನ್ನು ನೀರು ಹತ್ತು ದಿನದಲ್ಲಿ ತಿಂದು ಮುಗಿಸಿದೆ ಎಂದು ಗಲಾಟೆ ಎಬ್ಬಿಸಿದರು. ಅಂಗಡಿಯವರಿಗೂ ನಾನೇ ಹೋಗಿ ಮತ್ತೆ ವಿವರಿಸಬೇಕಾಯಿತು. ಅಲ್ಲೇ ನಿಂತು ಕೇಳುತ್ತಿದ್ದ ಬಾರ್ಜು ಯಜಮಾನರಿಗೆ ಈಗ ಎಲ್ಲವೂ ಅರ್ಥವಾದಂತೆ ಕಂಡಿತು.

"ಹಾಗಾದ್ರೆ ಮುಂದಿನ ಸಲ ಹಸಿರು ಬಳೀತೇನೆ" ಎಂದರು. "ಫೋಟೋದಲ್ಲಿ ಕೆಂಪು ಬರಲಿ."

ಹೆಂಡತಿ ಆ ಫೋಟೋ ನೋಡಿ, ಇದನ್ನು ಅಣ್ಣನಿಗೆ ತೋರಿಸಿದರೆ ಕ್ಯಾಮೆರಾದ ಜೊತೆಗೆ ತನ್ನನ್ನೂ ವಾಪಸು ಕರೆದುಕೊಂಡು ಹೋಗುತ್ತಾನೆ ಎಂದಳು.

೪. ಸಮುದ್ರದ ತಳದಲ್ಲಿ ಅಧ್ಯಕ್ಷರು

ನನ್ನ ಹೆಸರು ಹೇಗೋ ಒಬ್ಬ ಹೊಟೇಲು ಧಣಿಗಳ ಕಿವಿಗೆ ಬಿತ್ತು. ಕುಲಶೇಖರದಲ್ಲಿ ದೊಡ್ಡ ಮನೆ, ಹಿಂದೆ ಗದ್ದೆ ಭೂಮಿ ಇದ್ದ ಕುಟುಂಬ, ಈಗ ಪೇಟೆಯಲ್ಲಿ ಎರಡು ಹೊಟೇಲು. ಅವರು ಆ ವರ್ಷ ಒಂದು ಸಮಾಜಸೇವೆಯ ಕ್ಲಬ್ಬಿನ ಅಧ್ಯಕ್ಷರಾಗಿದ್ದರು. ಕ್ಲಬ್ಬಿನ ವಾರ್ಷಿಕ ಸಂಚಿಕೆಯಲ್ಲಿ ತಾವು ಸಮುದ್ರದ ತಳದಲ್ಲಿರುವ ಫೋಟೋ ಬರಬೇಕೆಂದು ಅವರ ಆಸೆ.

"ಈಜು ಬರ್ತದಾ ಧಣಿ?" ಎಂದು ಕೇಳಿದೆ.

"ತಳದಲ್ಲಿ ಕೂತುಕೊಳ್ಳಲಿಕ್ಕೆ ಈಜು ಯಾಕೆ?" ಎಂದರು. ಅದೂ ಸರಿಯೇ.

ಬೈಕಂಪಾಡಿಯಲ್ಲಿ ನಾವು ಸಿಲಿಂಡರ್ ಪರೀಕ್ಷೆ ಮಾಡುವ ಒಂದು ಸಿಮೆಂಟಿನ ಟಾಂಕಿ ಇತ್ತು, ಎದೆಮಟ್ಟ ನೀರಿನದ್ದು. ಅದರೊಳಗೆ ಧಣಿಗಳಿಗೆ ಎಲ್ಲವನ್ನೂ ಕಟ್ಟಿ ಮೊಣಕಾಲೂರಿ ಕೂರಿಸಿದೆ. ತಲೆ ಮುಳುಗಿದ್ದೇ ತಡ, ಅವರು ಗಾಬರಿಯಿಂದ ಬುಸುಬುಸು ಉಸಿರು ಬಿಡತೊಡಗಿದರು. ಬಂದ ಫೋಟೋದಲ್ಲಿ ಮುಖ ಇರಬೇಕಾದಲ್ಲಿ ಬರೀ ಗುಳ್ಳೆ. ಗುಳ್ಳೆಗಳ ನಡುವೆ ಉಂಗುರ ಹಾಕಿದ ಒಂದು ಬೆರಳು. ಹಿಂದೆ, ಟಾಂಕಿಯ ಗೋಡೆಯಲ್ಲಿ, ಸ್ವಲ್ಪ ಅದುರಿದಂತೆ ಒಂದು ನಲ್ಲಿ.

ಇದನ್ನು ಹಾಕಬೇಡಿ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. "ಸಮುದ್ರದ ತಳದಲ್ಲಿ ನಮ್ಮ ಅಧ್ಯಕ್ಷರು" ಎಂದು ಅರ್ಧ ಪುಟ ಅಚ್ಚಾಯಿತು. ಬಿಡುಗಡೆಯ ಸಭೆಗೆ ನಾನೂ ಹೋಗಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಸದಸ್ಯರು ಎದ್ದು, ಬಹಳ ವಿನಯದಿಂದ, "ಸಮುದ್ರಕ್ಕೆ ನಲ್ಲಿ ಹಾಕಿಸಿದ್ದು ಯಾರು?" ಎಂದು ಕೇಳಿದರು.

ಧಣಿಗಳು ಒಂದು ಕ್ಷಣವೂ ತಡವರಿಸಲಿಲ್ಲ. "ನಮ್ಮ ಕ್ಲಬ್ಬು" ಎಂದರು. ಸಭೆ ಚಪ್ಪಾಳೆ ತಟ್ಟಿತು.

೫. ಕುಲಶೇಖರದ ಬಾವಿ

ಎರಡನೇ ವರ್ಷದ ಬೇಸಿಗೆ ಬಂತು. ಭಾವ ಬರಲು ಎರಡೇ ತಿಂಗಳು ಬಾಕಿ. ನನ್ನ ಬಳಿ ಚಾ, ಪಾಚಿ ಮತ್ತು ಗುಳ್ಳೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಕ್ಯಾಮೆರಾ ಹೋಯಿತು ಎಂದೇ ಮನಸ್ಸು ಗಟ್ಟಿ ಮಾಡುತ್ತಿದ್ದೆ.

ಆಗ ಧಣಿಗಳಿಂದ ಮತ್ತೆ ಕರೆ ಬಂತು. ಸೊಸೆ ನೀರು ಸೇದುವಾಗ ಕತ್ತಿನ ಸರ ಬಾವಿಗೆ ಬಿದ್ದಿದೆ, ಪಾತಾಳಗರಡಿ ಹಾಕಿ ಎರಡು ದಿನ ಜಾಲಾಡಿಸಿದರೂ ಸಿಕ್ಕಿಲ್ಲ. ಹೋಗಿ ಬಗ್ಗಿ ನೋಡಿದೆ. ಕೆಂಪುಕಲ್ಲಿನ ಆಳವಾದ ಬಾವಿ, ಗರಡಿ ಕದಡಿದ್ದೆಲ್ಲ ಅಷ್ಟರಲ್ಲಿ ಕೆಳಗೆ ಕೂತು ನೀರು ಕನ್ನಡಿಯಂತೆ ನಿಂತಿತ್ತು. ಮಂಗಳೂರಿನಲ್ಲಿ ತಿಳಿನೀರು ಇರುವುದು ಕಡಲಲ್ಲಿ ಅಲ್ಲ, ಬಾವಿಯಲ್ಲಿ ಎಂದು ನನಗೆ ಯಾಕೆ ಇಷ್ಟು ದಿನ ಹೊಳೆಯಲಿಲ್ಲವೋ. ಮೊದಲು ಫೋಟೋ ತೆಗೆಯುತ್ತೇನೆ, ಆಮೇಲೆ ಸರ ಎಂದೆ. ಫೋಟೋ ಎಂದರೆ ಧಣಿಗಳು ಬೇಡ ಎನ್ನುವವರಲ್ಲ.

ಹಗ್ಗ ಹಿಡಿದು ಇಳಿದೆ. ತಳಕ್ಕೆ ಕಾಲು ತಾಗಿದರೆ ಕೆಸರೆದ್ದು ಎಲ್ಲ ಮುಗಿಯುತ್ತದೆ. ಹಾಗಾಗಿ ತೂಗಾಡುತ್ತಲೇ, ಆ ಮಬ್ಬಿನಲ್ಲಿ ಉರುಟುರುಟಾಗಿ, ದುಂಡಗೆ ಏನೋ ಕಂಡ ಕಡೆಗೆಲ್ಲ ಫ್ಲ್ಯಾಶು ಹೊಡೆದೆ. ನಂತರ ಕೆಸರಿಗೆ ಕೈ ಹಾಕಿ ತಡಕಿ ಸರ ತೆಗೆದುಕೊಟ್ಟೆ. ಧಣಿಗಳು ಎಳನೀರು ಕೊಟ್ಟು ಬೆನ್ನು ತಟ್ಟಿದರು.

ಹದಿನೈದು ದಿನದ ನಂತರ ಸ್ಟುಡಿಯೋದವನು ನನ್ನನ್ನು ಕಂಡು ಎದ್ದು ನಿಂತ. ಒಂದು ಫೋಟೋ ಕೈಯಲ್ಲಿ ಹಿಡಿದಿದ್ದ. ಕಪ್ಪು ಹಿಡಿದ ಒಂದು ಬೆಳ್ಳಿ ಚೆಂಬು ಕೆಸರಿನ ಮೇಲೆ ಓರೆಯಾಗಿ ಮಲಗಿತ್ತು. ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರನ್ನು ಅವನು ಗಟ್ಟಿಯಾಗಿ ಓದಿದ. ಧಣಿಗಳ ತಂದೆಯ ಹೆಸರು. ನನ್ನ ಜನ್ಮದಲ್ಲಿ ತೆಗೆದ ಮೊದಲ ಸ್ಪಷ್ಟ ಫೋಟೋ ಅದು. ನನಗೆ ಮಾತ್ರ ಖುಷಿಯಾಗಲಿಲ್ಲ.

ಆ ಚೆಂಬಿನ ಕಥೆ ಪಡೀಲಿನಿಂದ ಕುಲಶೇಖರದವರೆಗೆ ಎಲ್ಲರಿಗೂ ಗೊತ್ತು. ನಮ್ಮ ಪಕ್ಕದ ಮನೆಯ ಅಕ್ಕ ಹಿಂದೆ ಧಣಿಗಳ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕಿದ್ದರು. ಎಂಟು ವರ್ಷದ ಹಿಂದೆ ಬೆಳ್ಳಿ ಚೆಂಬು ಕಾಣೆಯಾದಾಗ, ಕದ್ದದ್ದು ನೀನೇ, ಎಲ್ಲಿಟ್ಟಿದ್ದೀ ಹೇಳು ಎಂದು ಧಣಿಗಳು ಜಗಲಿಯಲ್ಲಿ ನಿಲ್ಲಿಸಿ ಕೇಳಿ ಹೊರಗೆ ಹಾಕಿದ್ದರು. ಆಮೇಲೆ ಯಾರೂ ಅವರನ್ನು ಮನೆಕೆಲಸಕ್ಕೆ ಕರೆಯಲಿಲ್ಲ. ತಮ್ಮ ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ನನ್ನ ಹೆಂಡತಿ ಒಮ್ಮೆ ಸಹಾಯಕ್ಕೆ ಕರೆಯುತ್ತೇನೆಂದಾಗ, "ಪಾತ್ರೆ ಎಣಿಸಿ ಇಡು" ಎಂದವನು ನಾನೇ. ಅದನ್ನು ನೆನೆದು ಆ ದಿನ ಸ್ಟುಡಿಯೋದಲ್ಲಿ ನಿಂತಲ್ಲೇ ನಾಚಿಕೆಯಾಯಿತು.

ಫೋಟೋ ತೆಗೆದುಕೊಂಡು ಸೀದಾ ಧಣಿಗಳ ಮನೆಗೆ ಹೋದೆ. ಅವರು ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಎಂತದೂ ಕಾಣುದಿಲ್ಲ ಮಾರಾಯ. ಕಲ್ಲು ಅದು."

"ಹೆಸರು ಉಂಟಲ್ಲ ಧಣಿ?"

"ಕಲ್ಲಿನಲ್ಲಿ ಗೆರೆ ಇರುದಿಲ್ಲವಾ? ನಿನ್ನ ಕ್ಯಾಮೆರಾದ ಹಣೆಬರಹ ನನಗೆ ಗೊತ್ತುಂಟು."

ಒಳಗಿನಿಂದ ಅವರ ವೃದ್ಧ ತಾಯಿ ಗೋಡೆ ಹಿಡಿದುಕೊಂಡು ಬಂದರು. ಫೋಟೋವನ್ನು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದು, "ಇದು ನಮ್ಮ ಚೆಂಬಲ್ಲವಾ? ಆ ಹೆಂಗಸಿನ ಮೇಲೆ ಸುಮ್ಮನೆ ಕಳವು ಹೊರಿಸಿದೆವಲ್ಲ" ಎಂದರು.

ಧಣಿಗಳು ನನ್ನ ಕಡೆ ತಿರುಗಿ ಮೆಲ್ಲಗೆ, "ಅಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಶನ್ ಆಗಬೇಕು" ಎಂದರು. ನಾನು ಹೊರಡಲು ಎದ್ದಾಗ ಗೇಟಿನ ತನಕ ಹಿಂದೆಯೇ ಬಂದರು. "ನಾಳೆ ಪುರುಸೊತ್ತು ಉಂಟಾ? ಇನ್ನೊಮ್ಮೆ ಇಳಿದು ಆ ಕಲ್ಲನ್ನು ಮೇಲೆ ತೆಗೆದುಕೊಡು."

"ಕಲ್ಲಿಗೆ ಯಾಕೆ ಧಣಿ ಒಂದು ಸಿಲಿಂಡರ್ ಗಾಳಿ ಹಾಳು ಮಾಡುದು?" ಎಂದು ಹೇಳಿ ಬಂದೆ.

ಫೋಟೋವನ್ನು ದೊಡ್ಡದು ಮಾಡಿಸಿ ಅಕ್ಕನಿಗೆ ಕೊಟ್ಟೆ, ಧಣಿಗಳು ಅದನ್ನು ಕಲ್ಲು ಎಂದದ್ದನ್ನೂ ಹೇಳಿದೆ. ಅವರು ಬಹಳ ಹೊತ್ತು ನೋಡಿದರು, ಸೆರಗಿನಿಂದ ಒರೆಸಿ ಮತ್ತೆ ನೋಡಿದರು. ನಾನು ತಪ್ಪಾಯಿತು ಅಕ್ಕ ಎಂದೆ. ಅವರು, ಚಾ ಕುಡಿದು ಹೋಗು ಎಂದರು. ಮರುವಾರ ಅದಕ್ಕೆ ಕಟ್ಟು ಹಾಕಿಸಿ, ಜಗಲಿಯಲ್ಲಿ ಮಾರ್ಗದಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ತೂಗುಹಾಕಿದರು.

ಭಾವ ಬಂದ. ಬಂದ ದಿನವೇ, "ಎಲ್ಲಿ ಫೋಟೋ?" ಎಂದ. ಅಕ್ಕನ ಜಗಲಿಗೆ ಕರೆದುಕೊಂಡು ಹೋದೆ. ಅವನು ಕನ್ನಡಕ ಸರಿಮಾಡಿಕೊಂಡು ಹತ್ತಿರದಿಂದ ನೋಡಿ, ಅಕ್ಷರ ಅಕ್ಷರವೂ ಬಂದಿದೆ, ಕ್ಯಾಮೆರಾ ನೀನೇ ಇಟ್ಟುಕೋ ಎಂದ. ಊರಿನ ಸುದ್ದಿ ಒಂದೂ ತಿಳಿಯದ ಅವನು ಅಕ್ಕನ ಕಡೆ ತಿರುಗಿ, ಮಾತಿಗೆಂದು ಕೇಳಿದ.

"ಒಳ್ಳೆ ಚೆಂಬು. ನಿಮ್ಮದಾ?"

ಅಕ್ಕ ಬೀಡಿ ಎಲೆಯಿಂದ ತಲೆ ಎತ್ತಲಿಲ್ಲ.

"ಅಲ್ಲ, ನಾನು ಕದ್ದದ್ದು" ಎಂದರು. "ಎಲ್ಲಿಟ್ಟಿದ್ದೀ, ಎಲ್ಲಿಟ್ಟಿದ್ದೀ ಅಂತ ಧಣಿಗಳು ಕೇಳ್ತಾ ಇದ್ರು. ಅವರದ್ದೇ ಬಾವಿಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ, ಪಾಪ, ಅವರಿಗೆ ಕಣ್ಣು ಕಾಣುದಿಲ್ಲ."