ಬ್ಯಾಡಗಿಗೆ ಬಂದ ಸಾಂತಾ ಅಜ್ಜ

ಕೆಂಪಂಗಿ ತೊಟ್ಟವನಿಗೆ ಒಂದಿಲ್ಲೊಂದು ಆಗುವುದೇ. ಡಿಸೆಂಬರ್ ಬಂತೆಂದರೆ ನನಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ. ಓಣಿಗೊಂದು ಮೊಬೈಲ್ ಬಂದಿದ್ದ ಕಾಲ. ಬ್ಯಾಡಗಿಯ ಖಾಸಗಿ ಶಾಲೆಯೊಂದರಲ್ಲಿ ನಾನು ಚಿತ್ರಕಲೆ ಮಾಸ್ತರ. ಹೊಟ್ಟೆ ಇದ್ದದ್ದು ನನಗೊಬ್ಬನಿಗೇ, ಹೀಗಾಗಿ ಸಾಂತಾಕ್ಲಾಸ್ ಪಾರ್ಟೂ ನನಗೇ. ಆ ವರ್ಷ ಮಗಳೂ ಅಲ್ಲಿಯೇ ಒಂದನೇ ಕ್ಲಾಸಿಗೆ ಸೇರಿದ್ದಳು. ಸಾಂತಾ ಖರೇನೇ ಬರುತ್ತಾನೆಂದು ಓಣಿಗೆಲ್ಲ ಸಾರಿದ್ದಳು. ಪೆಪ್ಪರಮೆಂಟು ಕೇಳಿದರೂ "ನಾಳೆ ಕೊಡ್ತೇನವಾ" ಅನ್ನುವುದು ನನ್ನ ಚಾಳಿ. ಆ ನಾಳೆ ಇನ್ನೂ ಹುಟ್ಟಿಲ್ಲ ಎನ್ನುತ್ತಾಳೆ ಹೆಂಡತಿ. ಇಂಥ ಮನೆಯ ಕೂಸಿಗೆ ಸಾಂತಾ ಇರಲೇಬೇಕು. ಗಡ್ಡದೊಳಗೆ ಅಪ್ಪ ಸಿಕ್ಕಿಬಿದ್ದರೆ ಹೇಗೆ ಎಂಬ ಚಿಂತೆಯಲ್ಲಿ ಉಂಡದ್ದು ಮೈಗೆ ಹತ್ತಲಿಲ್ಲ.

ಕಾಲುಚೀಲದ ಕಥೆ

ಕ್ರಿಸ್‌ಮಸ್ ಕಾರ್ಯಕ್ರಮದ ಹಿಂದಿನ ದಿನ ಹೆಡ್ ಮೇಡಂ, "ಸರ, ಬರೇ ಕುಣದ್ರ ಆಗಂಗಿಲ್ಲ, ಸಾಂತಾ ಎಲ್ಲಿಂದ ಬಂದ ಅಂತನೂ ಹುಡುಗ್ರಿಗೆ ಹೇಳ್ರಿ" ಎಂದರು. ನಾಲ್ಕನೇ ಕ್ಲಾಸಿನಲ್ಲಿ ಶುರು ಮಾಡಿದೆ. ಬಹಳ ಹಿಂದೆ ದೂರದ ಸೀಮೆಯಲ್ಲಿ ಒಬ್ಬ ಪಾದ್ರಿ ಇದ್ದನಂತೆ. ಬಡವರ ಮನೆಗೆ ಗುಟ್ಟಾಗಿ ಹೋಗಿ, ಒಣಹಾಕಿದ ಕಾಲುಚೀಲದಲ್ಲಿ ಬಂಗಾರ ಹಾಕಿ ಬರುತ್ತಿದ್ದನಂತೆ. ತನ್ನ ಹೆಸರು ಹೇಳಲಿಲ್ಲ, ಅದಕ್ಕೇ ಜನ ಇವತ್ತಿಗೂ ಅವನನ್ನು ಬಿಟ್ಟಿಲ್ಲ. ಶಾಲೆಗೆ ಒಂದು ಫ್ಯಾನು ಕೊಟ್ಟು ಮೂರೂ ರೆಕ್ಕೆಗೆ ಹೆಸರು ಬರೆಸುವ ಊರಲ್ಲಿ ಇದನ್ನು ಹೇಳುತ್ತ ನನಗೇ ಕಣ್ಣು ತುಂಬಿತು.

ಒಬ್ಬ ಹುಡುಗಿ ಎದ್ದಳು. "ಸರ, ಯಾರಿಗೂ ಗೊತ್ತಾಗ್ದಂಗ ಕೊಟ್ಟ ಅಂದ್ರ, ನಿಮಗ ಯಾರ್ ಹೇಳಿದ್ರು?"

ಅಷ್ಟರಲ್ಲಿ ಗಂಟೆ ಹೊಡೆಯಿತು, ಬದುಕಿದೆ.

ಬಸ್ಸಿನೊಳಗಿನ ಅಜ್ಜಾರು

ಮರುದಿನ ಮುಂಜಾನೆ ರಾಣೇಬೆನ್ನೂರಿನಲ್ಲಿದ್ದ ನಮ್ಮ ಇನ್ನೊಂದು ಶಾಲೆಯಲ್ಲಿ ಕುಣಿದೆ. ಗೋಂದು ಹಚ್ಚಿದ ಗಡ್ಡ ಎಷ್ಟು ಎಳೆದರೂ ಬರಲಿಲ್ಲ. ಅದೇ ವೇಷದಲ್ಲಿ ಬ್ಯಾಡಗಿ ಬಸ್ಸು ಹತ್ತಿದೆ. ಕುಪ್ಪೇಲೂರಿನ ಮುದುಕಿಯೊಬ್ಬಳು ಸೀಟು ಬಿಟ್ಟು ಎದ್ದಳು.

"ಬರ್ರಿ ಅಜ್ಜಾರ, ಕುಂದರ್ರಿ. ಯಾವ ಮಠರಿ?"

"ಮಠ ಅಲ್ಲಬೇ, ನಾ ಸಾಲಿ ಮಾಸ್ತರ."

"ದೊಡ್ಡವರು ಹಿಂಗ ಮುಚ್ಚಿಡ್ತಾರ" ಎನ್ನುತ್ತ ಅಳುವ ಮೊಮ್ಮಗನನ್ನು ನನ್ನ ತೊಡೆ ಮೇಲೆ ಕೂರಿಸಿದಳು. "ಯಾವಾಗಲೂ ಹಿಂಗ ಅಳತಾನ್ರಿ, ತಲಿ ಮ್ಯಾಲ ಕೈ ಇಡ್ರಿ."

ಬೇರೆ ದಾರಿ ಕಾಣದೆ ಅವನ ಬಾಯಿಗೆ ಚಾಕಲೇಟ್ ಇಟ್ಟೆ. ಹುಡುಗ ಗಪ್‌ಚಿಪ್. ಬಸ್ಸೆಲ್ಲ ಕೈಮುಗಿಯಿತು. ಕಂಡಕ್ಟರ್ ಟಿಕೀಟು ಕೊಡುವುದನ್ನು ಬಿಟ್ಟು ನನ್ನೆದುರು ತಲೆ ಬಗ್ಗಿಸಿದ.

"ಅಜ್ಜಾರ, ನನಗ ಹಾವೇರಿಗೆ ವರ್ಗಾ ಆಕ್ಕೈತೇನ್ರಿ?"

ಚೀಲದ ಪ್ರತಾಪ

ಬ್ಯಾಡಗಿ ಶಾಲೆಯ ಜವಾನ, "ಸಾಂತಾಗ ಕೆಂಪನ್ನ ಚೀಲನ ಬೇಕಲ್ರಿ" ಎಂದು ಪೇಟೆಯಿಂದ ಮೆಣಸಿನಕಾಯಿ ಖಾಲಿಯಾದ ಚೀಲ ತಂದು, ಜಾಡಿಸಿ, ಗೊಂಬೆ ತುಂಬಿಟ್ಟಿದ್ದ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತಾರೆ. ಮೂಗಿಗೆ ಅದು ಗೊತ್ತಿಲ್ಲ.

ನೋಡಲು ಬಂದ ತಾಯಂದಿರಲ್ಲಿ ನನ್ನ ಹೆಂಡತಿಯೂ ಇದ್ದಳು. ಮಗಳು ಮೊದಲು ಬಂದು "ಗೊಂಬಿ ಬೇಕು" ಎಂದಳು. ದನಿ ಬದಲಿಸಿ "ಹೋ ಹೋ" ಎಂದು ಕೊಟ್ಟೆ. ಗುರುತು ಹಿಡಿಯಲಿಲ್ಲ. ಎರಡನೇ ಗೊಂಬೆಗೆ ಕೈ ಹಾಕಿದ್ದೇ ತಡ, ಸೀನು ಶುರುವಾಯಿತು. ಮುಂಜಾನೆಯಿಂದ ಬಿಡದ ಗಡ್ಡ ಆಗ ಬಿಟ್ಟಿತು, ಹಾರಿ ಹೆಡ್ ಮೇಡಂ ಮಡಿಲಿಗೆ ಬಿತ್ತು.

ಒಬ್ಬ ಹುಡುಗ ಕೂಗಿದ, "ಏ, ಅಂವ ನಿಮ್ಮಪ್ಪ ಅದಾನಲೇ!"

ಮಗಳು ಗೊಂಬೆ ಎತ್ತಿ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದಳು: "ಅಲ್ಲ! ಇಂವ ಕೇಳಿದ ಕೂಡ್ಲೆ ಕೊಟ್ಟ. ನಮ್ಮಪ್ಪ ಆಗಿದ್ರ 'ನಾಳೆ ಕೊಡ್ತೇನವಾ' ಅಂತಿದ್ದ!"

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನನ್ನ ಹೆಂಡತಿ.